ಓಸ್ಲೋ ನಗರದಲ್ಲಿ ನಾಲ್ಕು ದಿನಗಳು

ಬೇಸಿಗೆಯಲ್ಲಿ ಊರನ್ನು ಬಿಟ್ಟು ತಂಪಾದ ಪಟ್ಟಣಕ್ಕೆ ಹೋಗಿ ನಾಲ್ಕು ದಿನ ಇದ್ದು ಬರುವುದು ಹಣವಂತರ ಪದ್ಧತಿಯೆಂದು ನಾನು ಬಹುಕಾಲ ತಿಳಿದಿದ್ದೆನು. ನಮ್ಮ ಕಾನಹೊಸಹಳ್ಳಿಯ ಕಡೆ ಬೇಸಿಗೆಯೆಂದರೆ, ಸುತ್ತಲಿನ ಕಲ್ಲುಗುಡ್ಡಗಳು ಹಗಲೆಲ್ಲ ಕಾದು ಆ ಕಾವನ್ನು ರಾತ್ರಿಯಲ್ಲಿ ಊರ ಮೇಲೆ ಬಿಡುವ ಕಾಲ. ಹುಣಿಸೆಯ ಮರದ ನೆರಳು, ಮಡಕೆಯ ನೀರು, ಮಜ್ಜಿಗೆ ಇವು ಮೂರೇ ನಮಗೆ ಗಿರಿಧಾಮಗಳು. ಅಲ್ಲದೆ, ಉಪಾಧ್ಯಾಯನಾದವನಿಗೆ ಬೇಸಿಗೆಯ ರಜೆಯೆಂಬುದು ಬಹುಮಟ್ಟಿಗೆ ಕಾಗದದ ಮೇಲಿನ ಮಾತು. ಒಂದು ವರ್ಷ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ, ಇನ್ನೊಂದು ವರ್ಷ ಚುನಾವಣೆ, ಮತ್ತೊಂದು ವರ್ಷ ಜನಗಣತಿಗಾಗಿ ಮನೆಗಳ ಪಟ್ಟಿ. ಹೀಗೆ ನನ್ನ ಮೂವತ್ತಾರು ಬೇಸಿಗೆಗಳು ಕಳೆದುಹೋದುವು.

ಮದುವೆಯಾದ ಮೊದಲನೆಯ ಬೇಸಿಗೆಯಲ್ಲಿ ನನ್ನ ಪತ್ನಿಯು ಒಂದೇ ಒಂದು ಕೋರಿಕೆಯನ್ನು ನನ್ನ ಮುಂದಿಟ್ಟಿದ್ದಳು. ಆಕೆ ಕೊಟ್ಟೂರಿನ ಕಡೆಯ ಹಳ್ಳಿಯವಳು. ಕೆರೆಗಿಂತ ದೊಡ್ಡ ನೀರನ್ನು ಆಕೆ ಕಂಡದ್ದಿದ್ದರೆ ಅದು ಹೊಸಪೇಟೆಯ ಬಳಿಯ ತುಂಗಭದ್ರೆಯ ಜಲಾಶಯ ಒಂದೇ. “ಗೋಕರ್ಣಕ್ಕೆ ಹೋಗಿ ಸಮುದ್ರ ನೋಡಿಕೊಂಡು ಬರೋಣ” ಎಂದಳು. “ಬರುವ ವರ್ಷ” ಎಂದೆನು. ಈ ಉತ್ತರವನ್ನು ನಾನು ಎಷ್ಟು ಸಲ ಹೇಳಿದೆನೆಂಬುದರ ಲೆಕ್ಕವು ಆಕೆಯ ಬಳಿ ಇರುವುದು. ನನ್ನ ಬಳಿ ಇಲ್ಲ.

ಆ ‘ಬರುವ ವರ್ಷ’ವು ಕಟ್ಟಕಡೆಗೆ ಕಳೆದ ಜೂನ್ ತಿಂಗಳಲ್ಲಿ ಬಂದಿತು, ಆದರೆ ಗೋಕರ್ಣದ ಮಾರ್ಗವಾಗಿ ಅಲ್ಲ. ನಮ್ಮ ಮಗನು ಡೆನ್ಮಾರ್ಕ್ ದೇಶದ ರಾಜಧಾನಿಯಾದ ಕೋಪನ್‌ಹೇಗನ್ನಿನಲ್ಲಿ ಉದ್ಯೋಗದಲ್ಲಿರುವನು. ಅವನ ಮನೆಗೆ ಹೋಗಿ ಕೆಲವು ವಾರ ಇದ್ದೆವು. ಒಂದು ಸಂಜೆ ಅವನು, “ಅಪ್ಪಾ, ಅವ್ವನೂ ನೀವೂ ಇಬ್ಬರೇ ಎಲ್ಲಿಗಾದರೂ ಹೋಗಿ ಬಂದದ್ದುಂಟೆ?” ಎಂದು ಕೇಳಿದನು. ನಾನು ಬಹಳ ಹೊತ್ತು ಯೋಚಿಸಿ, “ಕೂಡ್ಲಿಗಿಯ ದವಾಖಾನೆಗೆ ಹೋಗಿದ್ದೆವು” ಎಂದೆನು. ಮರುದಿನವೇ ಅವನು ನಾರ್ವೆಯ ರಾಜಧಾನಿಯಾದ ಓಸ್ಲೋ ನಗರಕ್ಕೆ ಹೋಗುವ ರಾತ್ರಿಯ ಹಡಗಿನಲ್ಲಿ ನಮ್ಮಿಬ್ಬರಿಗೆ ಸ್ಥಳವನ್ನು ಕಾದಿರಿಸಿ, ಅಲ್ಲಿ ಮೂರು ರಾತ್ರಿಗೆ ವಸತಿಯನ್ನೂ ಗೊತ್ತುಮಾಡಿ, ಚೀಟಿಗಳನ್ನು ನನ್ನ ಕೈಯಲ್ಲಿಟ್ಟನು. ಸಮುದ್ರಯಾನವು ನಿಷಿದ್ಧವೆಂದು ಹಿಂದಿನ ಧರ್ಮಶಾಸ್ತ್ರಕಾರರು ಬರೆದಿಟ್ಟಿರುವುದು ನನ್ನ ನೆನಪಿಗೆ ಬಂದಿತಾದರೂ, ವಿಮಾನದಲ್ಲಿ ಸಮುದ್ರವನ್ನು ದಾಟಿ ಬಂದ ಮೇಲೆ ಹಡಗನ್ನು ಹತ್ತುವುದಕ್ಕೆ ಹಿಂಜರಿಯುವುದು ಹಾಸ್ಯಾಸ್ಪದವೆಂದು ಸುಮ್ಮನಾದೆನು.

ಹಡಗು ಮಧ್ಯಾಹ್ನದ ಮೇಲೆ ಹೊರಟಿತು. ಬಂದರಿನ ಯಂತ್ರಗಳೂ ಗೋಪುರಗಳೂ ಹಿಂದಾಗಿ, ಎರಡೂ ಕಡೆಯ ದಡಗಳು ಗೆರೆಗಳಾಗಿ, ಆ ಗೆರೆಗಳೂ ಅಳಿಸಿಹೋದ ಮೇಲೆ ಮೇಲಂತಸ್ತಿನ ಕಟಾಂಜನವನ್ನು ಹಿಡಿದು ನಿಂತಿದ್ದ ನನ್ನ ಪತ್ನಿಯು ಬಹಳ ಹೊತ್ತು ಮಾತಾಡಲಿಲ್ಲ. ಇದು ಕಾಟೆಗಾಟ್ ಎಂಬ ಕೊಲ್ಲಿ, ಮುಂದೆ ಬರುವುದು ಸ್ಕಾಗೆರಾಕ್, ಆಚೆಗೆ ಉತ್ತರಸಮುದ್ರ ಎಂದು ನಾನು ವಿವರಿಸತೊಡಗಿದೆನು. ಆಕೆ ಕೈಯೆತ್ತಿ ತಡೆದು, “ಇಲ್ಲಿ ಪಾಠ ಬೇಡ” ಎಂದಳು. ಇನ್ನೂ ಸ್ವಲ್ಪ ಹೊತ್ತಾದ ಮೇಲೆ, “ಇಷ್ಟು ನೀರಿಗೆ ಒಂದು ದಂಡೆ ಬೇಡವೇನ್ರೀ!” ಎಂದಳು. ಆಕೆಯ ಕಣ್ಣುಗಳಲ್ಲಿ ನೀರಿದ್ದುದು ಗಾಳಿಯಿಂದಲೋ ಏನೋ, ನಾನು ಕೇಳಲಿಲ್ಲ. ಕೇಳಲು ನನಗೆ ಮುಖವಿರಲಿಲ್ಲ.

ಬೆಳಗ್ಗೆ ಎದ್ದಾಗ ಹಡಗು ಓಸ್ಲೋ ಫಿಯೋರ್ಡನ್ನು ಹೊಕ್ಕಿತ್ತು. ಫಿಯೋರ್ಡೆಂದರೆ ನೆಲದೊಳಕ್ಕೆ ಉದ್ದವಾಗಿ ಚಾಚಿದ ಸಮುದ್ರದ ನಾಲಗೆ. ಇದರ ಉದ್ದ ನೂರು ಕಿಲೋಮೀಟರಿಗೆ ಮೇಲೆ. ಇಕ್ಕೆಲದಲ್ಲಿ ಕಪ್ಪುಹಸುರಿನ ಸೂಚೀಪರ್ಣವೃಕ್ಷಗಳು, ಬಂಡೆಗಳು, ಬಂಡೆಗಳ ಮೇಲೆ ಕೆಂಪು ಬಣ್ಣದ ಮರದ ಮನೆಗಳು. ಬಂಡೆಗಳನ್ನು ಕಂಡು ನಮಗೆ ಗುಡೇಕೋಟೆಯ ನೆನಪಾಯಿತು. ಆದರೆ ನಮ್ಮ ಬಂಡೆಗಳಿಗೆ ಇಷ್ಟು ನೀರಿನ ಭಾಗ್ಯವಿಲ್ಲ. ಡ್ರೋಬಾಕ್ ಎಂಬಲ್ಲಿ ಹಾದಿ ಬಹಳ ಇಕ್ಕಟ್ಟಾಗುವುದು. ಅಲ್ಲಿಯ ದ್ವೀಪದಲ್ಲಿ ಓಸ್ಕಾರ್ಸ್‌ಬೋರ್ಗ್ ಎಂಬ ಕೋಟೆಯಿರುವುದು. 1940ನೆಯ ಏಪ್ರಿಲ್ 9ರಂದು ಜರ್ಮನರ ಬ್ಲೂಶರ್ ಎಂಬ ಹೊಸ ಯುದ್ಧನೌಕೆಯನ್ನು ಈ ಕೋಟೆಯ ಹಳೆಯ ತೋಪುಗಳೂ ಟಾರ್ಪಿಡೋಗಳೂ ಮುಳುಗಿಸಿದುವು. ಆ ಕೆಲವು ಗಂಟೆಗಳ ತಡದಿಂದ ರಾಜನಾದ ಏಳನೆಯ ಹಾಕೊನನೂ ಅವನ ಮಂತ್ರಿಗಳೂ ನಗರದಿಂದ ಪಾರಾದರು.

ಓಸ್ಲೋ ದೊಡ್ಡ ನಗರವೇನೂ ಅಲ್ಲ. ಜನಸಂಖ್ಯೆ ಸುಮಾರು ಏಳು ಲಕ್ಷ. 1624ರಲ್ಲಿ ಹಳೆಯ ಪಟ್ಟಣವು ಬೆಂಕಿಗೆ ಆಹುತಿಯಾದಾಗ ಡೆನ್ಮಾರ್ಕ್-ನಾರ್ವೆಗಳ ದೊರೆಯಾದ ನಾಲ್ಕನೆಯ ಕ್ರಿಶ್ಚಿಯನ್ನನು ಆಕೆರ್ಸ್‌ಹೂಸ್ ಕೋಟೆಯ ಮಗ್ಗುಲಲ್ಲಿ ಹೊಸ ಪಟ್ಟಣವನ್ನು ಕಟ್ಟಿಸಿ ಅದಕ್ಕೆ ತನ್ನ ಹೆಸರನ್ನೇ ಇಟ್ಟನು. ಮುನ್ನೂರು ವರ್ಷ ಕ್ರಿಸ್ತಿಯಾನಿಯಾ ಎನ್ನಿಸಿಕೊಂಡಿದ್ದು, 1925ರಿಂದ ತಿರುಗಿ ಓಸ್ಲೋ ಎಂಬ ಪುರಾತನ ನಾಮವನ್ನು ಪಡೆಯಿತು. ಟ್ರಾಮುಗಳಲ್ಲಿ ಚೀಟಿಯನ್ನು ಕೇಳುವ ಕಂಡಕ್ಟರನಿಲ್ಲ; ನೆಲದಡಿಯ ರೈಲಿಗೆ ಹೋಗುವಲ್ಲಿ ಅಡ್ಡಗಟ್ಟುವ ಬಾಗಿಲೂ ಇಲ್ಲ. ಎಂದಾದರೊಮ್ಮೆ ತನಿಖೆಯವರು ಬಂದರೆ ಚೀಟಿಯಿಲ್ಲದವನು ದೊಡ್ಡ ದಂಡವನ್ನು ತೆರಬೇಕು. ಕೊಳಾಯಿಯ ನೀರನ್ನು ಎಲ್ಲರೂ ಹಾಗೆಯೇ ಕುಡಿಯುವರು. ಅದೊಂದು ಪುಕ್ಕಟೆ. ಉಳಿದುದರ ಬೆಲೆಯನ್ನು ರೂಪಾಯಿಗೆ ತಿರುಗಿಸಿ ನೋಡುವ ಚಪಲವನ್ನು ಮೊದಲ ದಿನವೇ ಬಿಟ್ಟುಬಿಡಬೇಕು. ನಾನು ಬಿಡದೆ ಲೆಕ್ಕಹಾಕಿ, ಒಂದು ಬಟ್ಟಲು ಕಾಫಿಗೆ ನಾನೂರು ರೂಪಾಯಿಯಾಯಿತೆಂದು ತಿಳಿದು, ಆ ಕಾಫಿಯ ರುಚಿಯನ್ನು ಕಳೆದುಕೊಂಡೆನು.

ಮೊದಲನೆಯ ದಿನ ನಮ್ಮನ್ನು ಕಾಡಿದುದು ಬೆಲೆಯಲ್ಲ, ಹಗಲು. ನಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 15 ಡಿಗ್ರಿಗಳ ಅಕ್ಷಾಂಶದಲ್ಲಿರುವುದು. ಓಸ್ಲೋ ಸುಮಾರು 60 ಡಿಗ್ರಿಗಳಲ್ಲಿ. ನಮ್ಮಲ್ಲಿ ಅತ್ಯಂತ ದೀರ್ಘವಾದ ಹಗಲು ಹದಿಮೂರು ಗಂಟೆಯಾದರೆ, ಅಲ್ಲಿ ಹತ್ತಿರಹತ್ತಿರ ಹತ್ತೊಂಬತ್ತು. ಬೆಳಗ್ಗೆ ನಾಲ್ಕಕ್ಕೆ ಮೊದಲೇ ಈಶಾನ್ಯದಲ್ಲಿ ಹುಟ್ಟಿದ ಸೂರ್ಯನು ಆಕಾಶವನ್ನು ಓರೆಯಾಗಿ ಬಳಸಿ, ರಾತ್ರಿ ಮುಕ್ಕಾಲು ಹನ್ನೊಂದಕ್ಕೆ ವಾಯವ್ಯದಲ್ಲಿ ಮುಳುಗುವನು. ಮುಳುಗಿದ ಮೇಲೆಯೂ ಪೂರ್ತಿಯಾಗಿ ಕತ್ತಲಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ ಡಿಸೆಂಬರಿನಲ್ಲಿ ಹಗಲು ಆರು ಗಂಟೆಗೂ ಕಡಮೆ. ಇದನ್ನು ನಾನು ಗೋಳವನ್ನು ತಿರುಗಿಸಿ ಎಷ್ಟೋ ತಂಡ ಹುಡುಗರಿಗೆ ಕಲಿಸಿದ್ದೇನೆ; ಪ್ರಶ್ನೆಗೆ ಮೂರು ಅಂಕಗಳು. ಆದರೆ ಮೂರು ಅಂಕದ ಈ ವಿಷಯವು ಒಂದು ಮನೆಯ ಊಟವನ್ನೇ ತಡೆದೀತೆಂದು ನನಗೆ ಹೊಳೆದಿರಲಿಲ್ಲ.

ನನ್ನ ಪತ್ನಿಯದೊಂದು ನೇಮ. ಹೊತ್ತು ಮುಳುಗುವ ವೇಳೆಗೆ ದೀಪ ಹಚ್ಚಬೇಕು. ದೀಪ ಹಚ್ಚಿ ಕೈಮುಗಿದ ಮೇಲೆ ರಾತ್ರಿಯ ಊಟ. ಮಕ್ಕಳ ಜ್ವರದಲ್ಲಿಯೂ ಮನೆಯ ಮದುವೆಯಲ್ಲಿಯೂ ಇದು ತಪ್ಪಿಲ್ಲ. ಕೋಪನ್‌ಹೇಗನ್ನಿನಲ್ಲಿ ಮೊಮ್ಮಗನ ಊಟದ ಹೊತ್ತನ್ನೇ ಸಂಜೆಯೆಂದು ಎಣಿಸಿ ಸೊಸೆಯ ದೇವರಮನೆಯಲ್ಲಿ ದೀಪ ಹಚ್ಚುತ್ತಿದ್ದಳು. ಇಲ್ಲಿ ಮೊಮ್ಮಗನೂ ಇಲ್ಲ, ದೇವರಮನೆಯೂ ಇಲ್ಲ. ವಸತಿಗೃಹದ ಕೋಣೆಯ ಚಾವಣಿಯಲ್ಲಿ ಹೊಗೆಯನ್ನು ಕಂಡರೆ ಕೂಗಿಕೊಳ್ಳುವ ಯಂತ್ರವಿದ್ದಿತು. ಬಾಗಿಲಿಗೆ ಬೆಂಕಿ ಹಚ್ಚಕೂಡದೆಂಬ ನಿಯಮವನ್ನು ಅಂಟಿಸಿದ್ದರು. ಆಕೆ ಚೀಲದಿಂದ ಸಣ್ಣ ಹಿತ್ತಾಳೆಯ ದೀಪವನ್ನು ತೆಗೆದು ಮೇಜಿನ ಮೇಲಿಟ್ಟು, ಕಿಟಕಿಯ ಬಳಿ ಕುಳಿತಳು. ಗಂಟೆ ಏಳಾಯಿತು, ಎಂಟಾಯಿತು, ಒಂಬತ್ತಾಯಿತು. ಬೀದಿಯಲ್ಲಿ ಮಕ್ಕಳು ಬೈಸಿಕಲ್ಲು ತುಳಿಯುತ್ತಿದ್ದರು. “ಏನ್ರೀ, ನಿಮ್ಮ ಶಾಸ್ತ್ರದಲ್ಲಿ ಇದಕ್ಕೇನು ಹೇಳಿದೆ?” ಎಂದು ಕೇಳಿದಳು. ಮಠದ ಪಾಠಶಾಲೆಯಲ್ಲಿ ಅಮರಕೋಶದಿಂದ ಮೊದಲುಮಾಡಿ ಆರು ವರ್ಷ ಸಂಸ್ಕೃತವನ್ನು ಓದಿದ ನನಗೆ ಸಂಧ್ಯಾಕಾಲದ ಪರ್ಯಾಯಪದಗಳು ತೋಚಿದುವೇ ಹೊರತು ಉತ್ತರವು ತೋಚಲಿಲ್ಲ. ಮುಕ್ಕಾಲು ಹನ್ನೊಂದಕ್ಕೆ ಎದುರು ಮನೆಯ ಚಿಮಣಿಯ ಹಿಂದೆ ಸೂರ್ಯನು ಮರೆಯಾದನು. ಉರಿಯದ ದೀಪಕ್ಕೆ ಆಕೆ ಕೈಮುಗಿದಳು. ಊರಿನಿಂದ ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಂಗಡಿಯಲ್ಲಿ ಕೊಂಡ ‘ಕುಲ್ತೂರ್‌ಮೆಲ್ಕ್’ ಇವುಗಳನ್ನು ಹನ್ನೊಂದು ಗಂಟೆಯ ಬೆಳಕಿನಲ್ಲಿ ಉಂಡೆವು. ಕುಲ್ತೂರ್‌ಮೆಲ್ಕ್ ಎಂದರೆ ಹೆಪ್ಪುಹಾಕಿದ ಹಾಲು. ಸ್ವಲ್ಪ ನೀರನ್ನೂ ಉಪ್ಪನ್ನೂ ಬೆರೆಸಿದರೆ ನಮ್ಮ ಮಜ್ಜಿಗೆಯೇ. ಪರದೇಶಕ್ಕೆ ಹೋಗುವ ನಮ್ಮ ಗೃಹಿಣಿಯರು ಈ ಹೆಸರನ್ನು ನೆನಪಿಟ್ಟುಕೊಳ್ಳಬಹುದು.

ಎರಡನೆಯ ದಿನ ಪುರಭವನದ ಮುಂದಿನ ಕಟ್ಟೆಯಿಂದ ಸಣ್ಣ ದೋಣಿಯಲ್ಲಿ ಬಿಗ್ದೋಯ್ ಎಂಬ ಪರ್ಯಾಯದ್ವೀಪಕ್ಕೆ ಹೋದೆವು. ಸಾವಿರ ವರ್ಷ ಹಳೆಯ ವೈಕಿಂಗ್ ಹಡಗುಗಳ ಮನೆಯು ಹೊಸ ಕಟ್ಟಡಕ್ಕಾಗಿ 2022ರಿಂದ ಮುಚ್ಚಿದ್ದಿತು. ಹಿಮಸಮುದ್ರದಲ್ಲಿ ತೇಲಿ ಬಂದ ‘ಫ್ರಾಮ್’ ಹಡಗನ್ನು ಕಂಡೆವು. ಮಂಜುಗಡ್ಡೆ ಒತ್ತಿದರೆ ಒಡೆಯದೆ ಮೇಲಕ್ಕೆ ಜಾರುವಂತೆ ಅದರ ತಳವನ್ನು ದುಂಡಾಗಿ ಮಾಡಿರುವರು. ನಾನ್ಸೆನನು 1893ರಲ್ಲಿ ಅದರಲ್ಲಿ ಉತ್ತರಕ್ಕೆ ಹೋದನು. ಅಮುಂಡ್ಸೆನನು ಅದೇ ಹಡಗಿನಲ್ಲಿ ದಕ್ಷಿಣಕ್ಕೆ ಹೋಗಿ 1911ರ ಡಿಸೆಂಬರ್ 14ರಂದು ದಕ್ಷಿಣಧ್ರುವವನ್ನು ಮುಟ್ಟಿದನು. ಇವೆಲ್ಲ ನನಗೆ ರುಚಿಸಿದುವು. ನನ್ನ ಪತ್ನಿಗೆ ರುಚಿಸಿದುದು ಜಾನಪದ ಸಂಗ್ರಹಾಲಯ.

1894ರಲ್ಲಿ ಸ್ಥಾಪಿತವಾದ ಈ ಸಂಗ್ರಹಾಲಯಕ್ಕೆ ಗೋಡೆಗಳಿಲ್ಲ. ದೇಶದ ನಾನಾ ಕಡೆಗಳಿಂದ ಹಳೆಯ ಮನೆಗಳನ್ನು ತೊಲೆತೊಲೆಯಾಗಿ ಬಿಚ್ಚಿ ತಂದು, ತೋಪಿನ ನಡುವೆ ಹಳ್ಳಿಹಳ್ಳಿಯಾಗಿ ಜೋಡಿಸಿರುವರು. ಗೋಲ್ ಎಂಬ ಊರಿನಿಂದ ತಂದ, ಸುಮಾರು 1200ನೆಯ ಇಸವಿಯ ಕಾಲದ ಮರದ ದೇವಾಲಯವೂ ಅಲ್ಲಿರುವುದು. ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ ಅದರ ಮಾಡುಗಳ ತುದಿಯಲ್ಲಿ ಶಿಲುಬೆಗಳೊಡನೆ ನಾಗಮುಖಗಳೂ ಇವೆ. ಹೊಸ ಮತ ಬಂದರೂ ಹಳೆಯ ಕಾವಲುಗಾರರನ್ನು ಅವರು ಕೆಲಸದಿಂದ ತೆಗೆಯಲಿಲ್ಲ!

ಮನೆಗಳ ಮೇಲೆ ಹುಲ್ಲು ಬೆಳೆದಿತ್ತು. ಹಲಗೆಯ ಮೇಲೆ ಭೂರ್ಜವೃಕ್ಷದ ತೊಗಟೆಯನ್ನು ಹಾಸಿ, ಅದರ ಮೇಲೆ ಹುಲ್ಲುಬೇರು ಸಹಿತವಾದ ಮಣ್ಣನ್ನು ಹೊದಿಸುವರಂತೆ. ನೀರು ಇಳಿಯದಂತೆ ತೊಗಟೆ, ತೊಗಟೆ ಹಾರದಂತೆ ಮಣ್ಣು, ಮಣ್ಣು ಕೊಚ್ಚಿಹೋಗದಂತೆ ಹುಲ್ಲು. “ನಮ್ಮ ಮಾಳಿಗೆಯ ಮನೆಯೇ ಅಲ್ಲವೆ?” ಎಂದಳು ನನ್ನ ಪತ್ನಿ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು ಮಣ್ಣನ್ನು ಹೊತ್ತು ಹಾಕಿದವಳು ಆಕೆ. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತವನು ನಾನು. ಧಾನ್ಯದ ಕೋಣೆಯನ್ನು ಅವರು ನೆಲದಿಂದ ಎತ್ತರದಲ್ಲಿ, ಕಂಬಗಳ ಮೇಲೆ, ಇಲಿ ಹತ್ತದಂತೆ ಕಟ್ಟುತ್ತಿದ್ದರು. ಅದರ ಹೆಸರು ಸ್ತಾಬ್ಬುರ್. ನಮ್ಮ ಹಿರಿಯರು ಜೋಳವನ್ನು ನೆಲದೊಳಗೆ ಹಗೇವು ತೋಡಿ ಇಡುತ್ತಿದ್ದರು. ಅಲ್ಲಿಯ ನೆಲ ತೇವ, ನಮ್ಮ ನೆಲ ಒಣ. ಅಲ್ಲಿ ಎತ್ತರ, ಇಲ್ಲಿ ಆಳ.

ಒಂದು ಹಳೆಯ ಮನೆಯ ಒಳಗೆ ಸೌದೆಯ ಒಲೆ ಉರಿಯುತ್ತಿದ್ದಿತು. ಹಿಂದಿನ ಕಾಲದ ಉಡುಪನ್ನು ತೊಟ್ಟ ನಡುವಯಸ್ಸಿನ ಹೆಂಗಸೊಬ್ಬಳು ಹಿಟ್ಟನ್ನು ಲಟ್ಟಿಸಿ, ಅಗಲವಾದ ಕಬ್ಬಿಣದ ಹಂಚಿನ ಮೇಲೆ ಹಾಸಿ, ಉದ್ದನೆಯ ಕೋಲಿನಿಂದ ಮಗುಚುತ್ತಿದ್ದಳು. ಇದು ಲೆಫ್ಸೆ ಎಂಬ ತೆಳುರೊಟ್ಟಿ. ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಮಡಚಿ ಕೊಡುವರು. ನನ್ನ ಪತ್ನಿಯು ಹೊಸ್ತಿಲ ಬಳಿಯಲ್ಲಿಯೇ ನಿಂತು, ಹಂಚಿನ ಕಾವನ್ನೂ ಆ ಹೆಂಗಸಿನ ಕೈಯನ್ನೂ ಪರೀಕ್ಷಕಳಂತೆ ನೋಡುತ್ತಿದ್ದಳು. ಒಂದು ರೊಟ್ಟಿಯ ಅಂಚು ಹತ್ತುವುದರಲ್ಲಿದ್ದಾಗ ತಡೆಯಲಾರದೆ ಬೆರಳು ತೋರಿಸಿ, “ತಾಯಿ, ಆ ಕಡೆ!” ಎಂದಳು, ಕನ್ನಡದಲ್ಲಿಯೇ. ಆ ಹೆಂಗಸು ಅದನ್ನು ತಟ್ಟನೆ ತಿರುಗಿಸಿ ನಕ್ಕಳು. ಬಳಿಕ ನಮಗೊಂದು ಲೆಫ್ಸೆಯನ್ನು ಕೊಟ್ಟಾಗ, ಇವಳು ಚೀಲದಿಂದ ನಮ್ಮ ಕಟಕ ರೊಟ್ಟಿಯನ್ನು ತೆಗೆದು ಅವಳ ಕೈಗಿತ್ತಳು. ಅವಳು ಅದನ್ನು ಮುರಿದು, ಆ ಸದ್ದನ್ನು ಕೇಳಿ, “ಫ್ಲಾತ್‌ಬ್ರೋ!” ಎಂದು ಕೂಗಿದಳು. ಅದು ಅವರ ಒಣರೊಟ್ಟಿಯ ಹೆಸರು. ತಿಂಗಳುಗಟ್ಟಲೆ ಕೆಡದಂತೆ ಸ್ತಾಬ್ಬುರಿನಲ್ಲಿ ಒಟ್ಟಿಡುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ದುಭಾಷಿಯಾಗಲು ಮುಂದೆ ಬಂದೆನು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

ಆ ಮನೆಯಿಂದ ಹೊರಗೆ ಬಂದು ಕಲ್ಲಿನ ಮೇಲೆ ಕುಳಿತಿದ್ದಾಗ ಊರಿನಿಂದ ಫೋನು ಬಂದಿತು. ನನ್ನ ತಮ್ಮನ ಹೆಂಡತಿಯು, “ಅಕ್ಕಾ, ಈಗ ದೀಪ ಹಚ್ಚಿದೆ, ಮಳೆ ಸಣ್ಣಗೆ ಬರುತ್ತಿದೆ, ಶೇಂಗಾ ಬಿತ್ತುವವರು ಬಿತ್ತುತ್ತಿದ್ದಾರೆ” ಎಂದಳು. ಓಸ್ಲೋದಲ್ಲಿ ಆಗ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಊರಿಗೂ ಅಲ್ಲಿಗೂ ಮೂರೂವರೆ ಗಂಟೆಯ ಅಂತರ. ನನ್ನ ಪತ್ನಿಯು ಅಲ್ಲಿಯೇ ಕಣ್ಣುಮುಚ್ಚಿ ಕೈಮುಗಿದು, “ಮನೆಯ ದೀಪ ಹತ್ತಿತು, ಇನ್ನು ಇಲ್ಲಿಯ ಹೊತ್ತು ಯಾವಾಗಲಾದರೂ ಮುಳುಗಲಿ, ನಾವು ಉಣ್ಣಬಹುದು” ಎಂದಳು. ಹಿಂದಿನ ರಾತ್ರಿ ಶಾಸ್ತ್ರವು ಬಿಡಿಸಲಾರದ ತೊಡಕು ಹೀಗೆ ಬಿಟ್ಟಿತು. ಆ ದಿನ ಏಳು ಗಂಟೆಗೇ ಊಟವಾಯಿತು. ಊಟದ ಮೇಲೆ ಬೆಳಕಿನಲ್ಲಿ ಮೂರು ಗಂಟೆಯ ಹೊತ್ತು ತಿರುಗಿದೆವು.

ಈ ತಿರುಗಾಟದಲ್ಲಿ ನನಗೊಂದು ಹುಚ್ಚು ಹಿಡಿಯಿತು: ಅಂಗಡಿಯ ಹಲಗೆಗಳನ್ನು ಓದುವುದು. ನವ್ನ್ ಎಂದರೆ ನಾಮ. ನತ್ತ್ ಎಂದರೆ ನಕ್ತ, ಅಂದರೆ ರಾತ್ರಿ. ದೋರ್ ಎಂದರೆ ದ್ವಾರ. ತನ್ನ್ ಎಂದರೆ ದಂತ. ಕೂ ಎಂದರೆ ಗೋವು. ಮೂಸ್ ಎಂದರೆ ಮೂಷಕ. ಎರಡು ತೂ, ಮೂರು ತ್ರೇ. ಪುರಭವನದ ಅಂಗಳದಲ್ಲಿ ಅವರ ಪುರಾಣಗಳ ಕಥೆಗಳನ್ನು ಮರದಲ್ಲಿ ಕೆತ್ತಿ ಬಣ್ಣ ಹಾಕಿ ನಿಲ್ಲಿಸಿರುವರು. ಅದರಲ್ಲಿ ಜಗತ್ತನ್ನೆಲ್ಲ ಧರಿಸಿರುವ ಇಗ್‌ದ್ರಾಸಿಲ್ ಎಂಬ ವೃಕ್ಷವನ್ನು ಕಂಡು ಗೀತೆಯ ಹದಿನೈದನೆಯ ಅಧ್ಯಾಯದ ಅಶ್ವತ್ಥವು ನೆನಪಾಗದಿರಲು ಸಾಧ್ಯವೆ? ನಮ್ಮದಕ್ಕೆ ಬೇರು ಮೇಲೆ, ಅವರದಕ್ಕೆ ಬೇರು ಕೆಳಗೆ. ವಿಚಿತ್ರವೇನೆಂದರೆ, ಸಂಸ್ಕೃತಕ್ಕೆ ದಾಯಾದಿಯಾದುದು ಈ ನಾರ್ವೆಯ ಭಾಷೆ. ನಾನು ಹುಟ್ಟಿದಂದಿನಿಂದ ಆಡುವ ಕನ್ನಡವು ಬೇರೆ ಕುಲದ್ದು. ಆದರೂ ಗ್ರಿಯರ್ಸನ್ನನ ಭಾರತೀಯ ಭಾಷಾಸರ್ವೇಕ್ಷಣದಲ್ಲಿ, 1906ರಲ್ಲಿ ಹೊರಬಂದ ಮುಂಡಾ ಮತ್ತು ದ್ರಾವಿಡ ಭಾಷೆಗಳ ಸಂಪುಟವನ್ನು ಸಿದ್ಧಪಡಿಸಿದವನು ಸ್ಟೆನ್ ಕೊನೋ ಎಂಬ ನಾರ್ವೆಯ ಪಂಡಿತ. ಮುಂದೆ ಇದೇ ಊರಿನ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕನಾಗಿದ್ದು 1948ರಲ್ಲಿ ತೀರಿಕೊಂಡನು. ನಮ್ಮ ಭಾಷೆಯ ವ್ಯಾಕರಣಕ್ಕಾಗಿ ಈ ಹಿಮದ ನಾಡಿನವನು ಕಣ್ಣು ಸವೆಸಿದನಲ್ಲಾ ಎಂದು ನಾನು ಭಾವಪರವಶನಾಗಿ ಹೇಳುತ್ತಿದ್ದರೆ, ನನ್ನ ಪತ್ನಿಯು, “ಭಾಷೆ ಅಷ್ಟು ಹತ್ತಿರದ್ದಾದರೆ ಟ್ರಾಮು ಯಾವ ಕಡೆ ನಿಲ್ಲುತ್ತದೆಂದು ಕೇಳಿರಿ, ನನ್ನ ಮೊಣಕಾಲು ನೋಯುತ್ತಿದೆ” ಎಂದಳು.

ಮೂರನೆಯ ದಿನದ ಬೆಳಗನ್ನು ನಾನು ಒಂದು ಮುಖ್ಯವಾದ ಕೆಲಸಕ್ಕೆಂದು ಮೀಸಲಿಟ್ಟಿದ್ದೆನು. ಕೂಡ್ಲಿಗಿಯಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮವನ್ನಿಟ್ಟ ಸ್ಮಾರಕವಿರುವುದು ನಮ್ಮ ಕಡೆಯ ವಾಚಕರಿಗೆ ತಿಳಿದೇ ಇದೆ. ಅದರ ಮುಂದೆ ಎಷ್ಟೋ ಸಲ ಹುಡುಗರನ್ನು ಸಾಲಾಗಿ ನಿಲ್ಲಿಸಿದ್ದೇನೆ. ಒಂದು ವರ್ಷ ಒಬ್ಬ ಹುಡುಗನು, “ಸಾರ್, ಗಾಂಧೀಜಿಗೆ ನೊಬೆಲ್ ಪ್ರಶಸ್ತಿ ಯಾವ ವರ್ಷ ಬಂತು?” ಎಂದು ಕೇಳಿದನು. ಬರಲಿಲ್ಲವೆಂದೆನು. “ಯಾಕೆ ಸಾರ್?” ಎಂದನು. ಆಗ ನನಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ, ಗದರಿಸಿ ಕೂರಿಸಿದೆನು. ಅದು ನನ್ನ ಮನಸ್ಸಿನಲ್ಲಿ ಉಳಿದಿದ್ದಿತು.

ಪುರಭವನದ ಎದುರಿಗೆ ಹಿಂದೆ ರೈಲುನಿಲ್ದಾಣವಾಗಿದ್ದ ಕಟ್ಟಡದಲ್ಲಿ 2005ರಿಂದ ನೊಬೆಲ್ ಶಾಂತಿಕೇಂದ್ರವಿರುವುದು. ನೊಬೆಲನು ಸ್ವೀಡನ್ನಿನವನು, ಉಳಿದ ಪ್ರಶಸ್ತಿಗಳೆಲ್ಲ ಅಲ್ಲಿಯವು. ಆದರೆ ಶಾಂತಿಯ ಪ್ರಶಸ್ತಿಯನ್ನು ಮಾತ್ರ ನಾರ್ವೆಯ ಪಾರ್ಲಿಮೆಂಟು ಆರಿಸಿದ ಐವರ ಸಮಿತಿಯು ಕೊಡಬೇಕೆಂದು ಅವನು 1895ರ ಉಯಿಲಿನಲ್ಲಿ ಬರೆದನು. ಆಗ ಎರಡು ದೇಶಗಳೂ ಒಬ್ಬನೇ ರಾಜನಡಿಯಲ್ಲಿದ್ದುವು. 1990ರಿಂದ ಈ ಪ್ರದಾನವು ಡಿಸೆಂಬರ್ 10ರಂದು ಪುರಭವನದ ದೊಡ್ಡ ಹಜಾರದಲ್ಲಿ ನಡೆಯುತ್ತಿದೆ. ನಮ್ಮ ಕೈಲಾಶ್ ಸತ್ಯಾರ್ಥಿಯವರು 2014ರಲ್ಲಿ ಅದನ್ನು ಸ್ವೀಕರಿಸಿದುದು ಅಲ್ಲಿಯೇ.

ಗಾಂಧಿಯವರ ಹೆಸರು ಈ ಸಮಿತಿಯ ಮುಂದೆ 1937, 1938, 1939, 1947, 1948 ಈ ಐದು ವರ್ಷಗಳಲ್ಲಿ ಬಂದಿತ್ತು. ಮೊದಲು ಸೂಚಿಸಿದವನು ಭಾರತೀಯನಲ್ಲ, ನಾರ್ವೆಯ ಪಾರ್ಲಿಮೆಂಟಿನ ಸದಸ್ಯನಾದ ಓಲೆ ಕೋಲ್‌ಬ್ಯೋರ್ನ್‌ಸೆನ್. ಕಡೆಯ ವರ್ಷ ಹೆಸರುಗಳನ್ನು ಕಳುಹಿಸುವ ಗಡುವಿಗೆ ಎರಡು ದಿನ ಮುಂಚೆ, ಜನವರಿ 30ರಂದು, ಅವರ ಕೊಲೆಯಾಯಿತು. ತೀರಿಹೋದವರಿಗೆ ಕೊಡಬಹುದೇ ಎಂಬ ಚರ್ಚೆ ನಡೆಯಿತು. ಅವರು ಯಾವ ಸಂಸ್ಥೆಗೂ ಸೇರಿದವರಲ್ಲ, ಆಸ್ತಿಯನ್ನು ಬಿಟ್ಟವರಲ್ಲ, ಉಯಿಲನ್ನು ಬರೆದವರಲ್ಲ. ಹಾಗಾದರೆ ಹಣವನ್ನು ತೆಗೆದುಕೊಳ್ಳುವವರಾರು? ಏನನ್ನೂ ತನ್ನದೆಂದು ಇಟ್ಟುಕೊಳ್ಳದಿದ್ದುದೇ ತೊಡಕಾಯಿತು. ಬದುಕಿರುವವರಲ್ಲಿ ಯೋಗ್ಯರಾದವರಿಲ್ಲವೆಂದು ಹೇಳಿ, ಆ ವರ್ಷ ಸಮಿತಿಯು ಪ್ರಶಸ್ತಿಯನ್ನು ಯಾರಿಗೂ ಕೊಡಲಿಲ್ಲ. 1989ರಲ್ಲಿ ದಲಾಯಿ ಲಾಮಾ ಅವರಿಗೆ ಕೊಟ್ಟಾಗ, ಇದು ಒಂದಂಶದಲ್ಲಿ ಗಾಂಧಿಯವರ ಸ್ಮರಣೆಗೆ ಸಲ್ಲಿಸುವ ಗೌರವವೆಂದು ಸಮಿತಿಯ ಅಧ್ಯಕ್ಷನು ಹೇಳಿದನು. ಕೊಡದಿದ್ದುದು ತಮ್ಮ ದೊಡ್ಡ ಲೋಪವೆಂದು ಅವರವರೇ ಈಚೆಗೆ ಬಾಯಿಬಿಟ್ಟು ಒಪ್ಪಿರುವರು. ಅಷ್ಟರ ಮಟ್ಟಿಗೆ ಅವರನ್ನು ಮೆಚ್ಚಬೇಕು.

ಇದನ್ನೆಲ್ಲ ನಾನು ಆ ಕಟ್ಟಡದ ಒಳಗೆ ನಿಂತು ನನ್ನ ಪತ್ನಿಗೆ ತಗ್ಗಿದ ದನಿಯಲ್ಲಿ ಹೇಳಿದೆನು. ಈ ಸಲ ಆಕೆ ಪಾಠ ಬೇಡವೆನ್ನಲಿಲ್ಲ. ಪ್ರಶಸ್ತಿ ಪಡೆದವರ ಚಿತ್ರಗಳ ನಡುವೆ ನಿಧಾನವಾಗಿ ನಡೆದು ಬಂದು, “ಹಾಗಾದರೆ ಕೊಡಬೇಕೆನ್ನುವಾಗ ತಡ ಮಾಡಿದರು, ಕೊಡೋಣ ಎನ್ನುವಾಗ ಅವರಿರಲಿಲ್ಲ” ಎಂದಳು. ಮಾತು ಗಾಂಧಿಯವರ ವಿಷಯವಾಗಿಯೇ ಇದ್ದಿತು. ನನಗೆ ಮಾತ್ರ ಅದು ಬೇರೆ ಕಡೆಯಲ್ಲಿಯೂ ತಗುಲಿತು. ಆ ಹುಡುಗನು ಈಗೆಲ್ಲಿರುವನೋ. ಈ ಬರಹವು ಅವನ ಕಣ್ಣಿಗೆ ಬಿದ್ದರೆ ಅವನ ಪ್ರಶ್ನೆಗೆ ಇದೇ ನನ್ನ ಉತ್ತರ.

ಮಧ್ಯಾಹ್ನ ವಿಗೆಲಾನ್ ಉದ್ಯಾನವನ್ನು ನೋಡಿದೆವು. ಗುಸ್ತಾವ್ ವಿಗೆಲಾನ್ ಎಂಬ ಶಿಲ್ಪಿಯು ಮಾಡಿದ ಇನ್ನೂರಕ್ಕೆ ಮೇಲ್ಪಟ್ಟ ವಿಗ್ರಹಗಳು ಅಲ್ಲಿವೆ. 121 ಮನುಷ್ಯರು ಒಬ್ಬರನ್ನೊಬ್ಬರು ಅಪ್ಪಿ ಮೇಲೇರುವಂತೆ ಕೆತ್ತಿದ ಏಕಶಿಲಾಸ್ತಂಭಕ್ಕೆ ಮೂವರು ಕಲ್ಲುಕುಟಿಗರು ಸುಮಾರು ಹದಿನಾಲ್ಕು ವರ್ಷ ದುಡಿದರಂತೆ. ಬಹುಮಟ್ಟಿಗೆ ಯಾವ ವಿಗ್ರಹಕ್ಕೂ ಬಟ್ಟೆಯಿಲ್ಲ. “ಎಲ್ಲರೂ ಒಟ್ಟಿಗೆ ಒಗೆಯಲು ಹಾಕಿ ಬಂದಿದ್ದಾರೇನು?” ಎಂದಳು ನನ್ನ ಪತ್ನಿ. ಕುರುವತ್ತಿಯ ಮಲ್ಲಿಕಾರ್ಜುನನ ಗುಡಿಯ ಮದನಿಕೆಯರನ್ನು ನಾನು ಜ್ಞಾಪಿಸಿದೆನು. “ಅವರಿಗೆ ಒಡವೆಯಾದರೂ ಇವೆ” ಎಂದಳು. ಈ ತರ್ಕಕ್ಕೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ. ಆದರೆ ಮುಪ್ಪಿನವರ ಶಿಲ್ಪಗಳ ಎದುರಿಗೆ ಮಾತ್ರ ಆಕೆ ಸ್ವಲ್ಪ ಹೊತ್ತು ಕುಳಿತಳು, ಮೊಣಕಾಲಿನ ನೆಪವಾಗಿ.

ಅಂದು ಜೂನ್ 23, ಅವರ ಸಂತ ಹಾನ್ಸನ ಹಬ್ಬದ ಹಿಂದಿನ ಸಂಜೆ. ಆ ಹೊತ್ತು ನೀರಿನ ದಡಗಳಲ್ಲಿ ಸೌದೆಯನ್ನು ಒಟ್ಟಿ ಬೆಂಕಿ ಹಾಕುವುದು ರೂಢಿ. ಒಣಹವೆಯ ವರ್ಷಗಳಲ್ಲಿ ಅದಕ್ಕೆ ಅಪ್ಪಣೆಯಿರುವುದಿಲ್ಲ. ನಮ್ಮ ಅದೃಷ್ಟಕ್ಕೆ ಹಿಂದಿನ ವಾರ ಮಳೆ ಬಂದಿತ್ತು. ಮಕ್ಕಳು ಕುಣಿಯುತ್ತಿದ್ದರು, ಹಾಡಿದವರಿಗಿಂತ ತಿಂದವರು ಹೆಚ್ಚು. ನಮ್ಮ ಕಾಮದಹನಕ್ಕೆ ಕದ್ದ ಸೌದೆಯೇ ಆಗಬೇಕೆಂಬ ಹುಡುಗರ ಶಾಸ್ತ್ರವು ಅಲ್ಲಿ ಇದ್ದಂತೆ ಕಾಣಲಿಲ್ಲ. ಬೆಂಕಿ ಭುಗಿಲೆದ್ದಾಗ ನನ್ನ ಪತ್ನಿಯು ಸೆರಗನ್ನು ಹೊದ್ದು ದೂರದಿಂದಲೇ ಕೈಮುಗಿದಳು. ಪಕ್ಕದಲ್ಲಿದ್ದ ಒಬ್ಬ ಮುದುಕನು ಅದನ್ನು ಕಂಡು ತಾನೂ ಟೊಪ್ಪಿಗೆಯನ್ನು ತೆಗೆದನು.

ನಾಲ್ಕನೆಯ ದಿನ ಹಡಗು ಹತ್ತುವುದಕ್ಕೆ ಮುಂಚೆ ಎರಡು ಗಂಟೆಯ ಹೊತ್ತಿದ್ದಿತು. 2008ರಲ್ಲಿ ತೆರೆದ ನೃತ್ಯಗೀತಗಳ ರಂಗಮಂದಿರವು ಬಂದರಿನ ಪಕ್ಕದಲ್ಲಿಯೇ ಇರುವುದು. ಇಟಲಿಯ ಬಿಳಿಯ ಅಮೃತಶಿಲೆಯನ್ನು ಹೊದಿಸಿದ ಅದರ ಮಾಡು ಇಳಿಜಾರಾಗಿ ಬಂದು ನೆಟ್ಟಗೆ ನೀರಿನೊಳಗೆ ಇಳಿಯುವುದು. ಯಾರು ಬೇಕಾದರೂ ಅದರ ಮೇಲೆ ನಡೆಯಬಹುದು. ನಾನು ಮೇಲಕ್ಕೆ ಹತ್ತಿ ನಗರವನ್ನು ನೋಡಬೇಕೆಂದಿದ್ದೆನು. ಆಕೆ ಕೆಳಗೇ ನಿಂತು, ಚಪ್ಪಲಿಗಳನ್ನು ಬಿಟ್ಟು, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, ಕಲ್ಲಿನ ಅಂಚಿನಲ್ಲಿ ಕುಳಿತು ಕಾಲುಗಳನ್ನು ನೀರಿಗಿಟ್ಟಳು. ನಾನೂ ಹತ್ತುವುದನ್ನು ಬಿಟ್ಟು ಪಕ್ಕದಲ್ಲಿ ಕುಳಿತೆನು. ನೀರು ಕೊರೆಯುತ್ತಿತ್ತು. ಆಕೆ ಬೊಗಸೆಯಲ್ಲಿ ನೀರನ್ನೆತ್ತಿ ತಲೆಗೆ ಚಿಮುಕಿಸಿಕೊಂಡು, ನನ್ನ ತಲೆಗೂ ಚಿಮುಕಿಸಿ, ಬೆರಳನ್ನು ನಾಲಗೆಗೆ ಮುಟ್ಟಿಸಿ ನೋಡಿದಳು.

“ಉಪ್ಪು ಕಡಮೆ” ಎಂದಳು.

ಹೊಳೆಗಳ ನೀರು ಬಂದು ಸೇರುವುದರಿಂದ ಫಿಯೋರ್ಡಿನ ಒಳಭಾಗದ ಮೇಲ್ನೀರಿನಲ್ಲಿ ಉಪ್ಪು ಕಡಮೆಯಾಗಿರುವುದೆಂದು ನಾನು ಹೇಳಬಹುದಾಗಿತ್ತು. ಹೇಳಲಿಲ್ಲ.

ಹಡಗು ಬಿಟ್ಟ ಮೇಲೆ ಮೇಲಂತಸ್ತಿನಲ್ಲಿ ಕುಳಿತೆವು. ಪುರಭವನದ ಎರಡು ಇಟ್ಟಿಗೆಯ ಗೋಪುರಗಳು ಸಣ್ಣವಾದುವು. ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಆಕೆ ಕಣ್ಣುಮುಚ್ಚಿ ಕೈಮುಗಿದಳು. ಆಮೇಲೆ ನನ್ನ ಕಡೆಗೆ ತಿರುಗಿ, “ಹೊಸಪೇಟೆಯಿಂದ ಗೋಕರ್ಣಕ್ಕೆ ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ತಮ್ಮನಿಗೆ ಫೋನು ಮಾಡಿ ಕೇಳಿದೆನು.